ಮೇಜು ಸಂಖ್ಯೆ ಹದಿನಾಲ್ಕರ ವಶದಲ್ಲಿರುವ ಚೂರಿ

ಸಾವಿರದ ಒಂಬೈನೂರ ಎಪ್ಪತ್ತೆಂಟನೇ ಇಸವಿ ಜೂನ್ ಹನ್ನೆರಡನೇ ತಾರೀಕು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಪಶ್ಚಿಮ ಕರಾವಳಿ ಹಗ್ಗ ಮತ್ತು ಹುರಿ ಉತ್ತೇಜನ ಮಂಡಳಿಯ ಉಡುಪಿ ಪ್ರಾದೇಶಿಕ ಕಚೇರಿಯಲ್ಲಿ, ತಾತ್ಕಾಲಿಕ ಗುಮಾಸ್ತ ಲಿಗೋರಿಯವರ ಪ್ಯಾಂಟಿನ ಬಲಗಿಸೆಯಲ್ಲಿ ಒಂದು ಉಬ್ಬು ಇರುವುದು ಕಂಡುಬಂದಿತು. ಉಬ್ಬಿನ ಉದ್ದ ಮೂರೂಕಾಲು ಇಂಚು. ಅಳೆದವರು ಸೂಪರಿಂಟೆಂಡೆಂಟ್ ಬಾಬು ಸೇರಿಗಾರರು. ವರದಿಯನ್ನು ಟೈಪ್ ಮಾಡಿದವಳು ನಾನು. ಒಂದು ತಪ್ಪೂ ಇರಲಿಲ್ಲ.

ನಾನು ಸರಸ, ಅಂಬಲಪಾಡಿಯವಳು. ಆ ಕಚೇರಿಗೆ ಇದ್ದ ಒಂದೇ ಟೈಪ್‌ರೈಟರಿಗೆ ಇದ್ದ ಒಬ್ಬಳೇ ಟೈಪಿಸ್ಟ್. ಕಚೇರಿಯಿಂದ ಹೊರಗೆ ಹೋದ ಪ್ರತಿಯೊಂದು ಕಾಗದವೂ ನನ್ನ ಬೆರಳಿನ ಕೆಳಗಿನಿಂದಲೇ ಹೋಗಿದೆ. ಆದ್ದರಿಂದ ಊರಿನಲ್ಲಿ ಹಬ್ಬಿರುವ ಕುಚೋದ್ಯದ ಮಾತುಗಳನ್ನು ಬದಿಗಿಟ್ಟು, ನಡೆದದ್ದನ್ನು ನಡೆದ ಹಾಗೆ ಬರೆಯುವ ಅರ್ಹತೆ ನನಗಿದೆ. ನಗುವವರು ನಗಲಿ. ಅವರು ಕಡತ ಓದಿದವರಲ್ಲ.

ಮಂಡಳಿಯ ಕೆಲಸ ಏನೆಂದು ಮೊದಲು ಹೇಳಬೇಕು. ಕಾಪು, ಕಾರ್ಕಳ ಕಡೆಯ ಮನೆಮನೆಗಳಲ್ಲಿ ತೆಂಗಿನ ನಾರಿನಿಂದ ಹಗ್ಗ ಹೊಸೆಯುವವರು ತಮ್ಮ ಹಗ್ಗದ ಮಾದರಿಯನ್ನು ಕಟ್ಟು ಕಟ್ಟಿ ನಮಗೆ ಕಳುಹಿಸುತ್ತಿದ್ದರು. ನಾವು ಕಟ್ಟು ಬಿಚ್ಚಿ, ಇಬ್ಬರು ಎರಡು ಕಡೆಯಿಂದ ಎಳೆದು, ‘ಗಟ್ಟಿ ಉಂಟು’ ಅಥವಾ ‘ಗಟ್ಟಿ ಇಲ್ಲ’ ಎಂದು ಷರಾ ಬರೆದು, ಮತ್ತೆ ಕಟ್ಟಿ ಇಡುತ್ತಿದ್ದೆವು. ಕಳುಹಿಸುವವರು ತಮ್ಮ ಹಗ್ಗದ ಗಟ್ಟಿತನ ತೋರಿಸಲೆಂದೇ ಬ್ರಹ್ಮಗಂಟು ಹಾಕಿರುತ್ತಿದ್ದರು. ಬಿಚ್ಚಲು ಯಾರಪ್ಪನಿಂದಲೂ ಆಗುತ್ತಿರಲಿಲ್ಲ, ಕತ್ತರಿಸಲೇಬೇಕು. ಆದರೆ ಹಗ್ಗವನ್ನು ಉತ್ತೇಜಿಸುವ ಸಂಸ್ಥೆಯೊಂದು ಹಗ್ಗ ಕತ್ತರಿಸುವ ಸಾಧನವನ್ನು ಖರೀದಿಸುವುದು ಧ್ಯೇಯಕ್ಕೆ ವಿರುದ್ಧವೆಂದು ಸ್ಥಾಪನೆಯ ವರ್ಷವೇ ಠರಾವಾಗಿತ್ತು. ಹಾಗಾಗಿ ಕಚೇರಿಯಲ್ಲಿ ಕತ್ತಿ ಇಲ್ಲ, ಕತ್ತರಿ ಇಲ್ಲ, ಬ್ಲೇಡು ಕೂಡ ಇಲ್ಲ.

ಇದ್ದದ್ದು ಲಿಗೋರಿಯವರ ಕಿಸೆಯ ಚೂರಿ ಒಂದೇ. ಅವರ ಅಣ್ಣ ಜೋಕಿಮ್ ಬಹರೈನಿನಿಂದ ತಂದುಕೊಟ್ಟದ್ದು. ಎರಡು ಅಲಗು, ಕಂದು ಹಿಡಿ, ಮಡಚಿದರೆ ಬೆರಳಿನಷ್ಟು. ಬೆಳಿಗ್ಗೆ ಕಾಪುವಿನಿಂದ ಬಸ್ಸಿನಲ್ಲಿ ಬಂದಿಳಿದರೆ ಸಂಜೆಯವರೆಗೆ ಅದಕ್ಕೆ ಬಿಡುವಿಲ್ಲ. ಕಟ್ಟು ಕತ್ತರಿಸುವುದು, ಪೆನ್ಸಿಲ್ ಚೂಪು ಮಾಡುವುದು, ಸೇರಿಗಾರರ ಕುರ್ಚಿಯ ತಿರುಪು ಬಿಗಿ ಮಾಡುವುದು, ಏಪ್ರಿಲಿನಲ್ಲಿ ಮಾವಿನಕಾಯಿ ಹೆಚ್ಚುವುದು. ಇಡೀ ಕಚೇರಿ ದಿನಕ್ಕೆ ಇಪ್ಪತ್ತು ಸಲ “ಲಿಗೋರಿ, ಸ್ವಲ್ಪ ಚೂರಿ ಮಾರಾಯ” ಎನ್ನುತ್ತಿತ್ತು. ಅವರು ಚೂರಿಯನ್ನು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಬೇಕಾದವರು ಮೇಜಿನಿಂದ ಎತ್ತಿಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ತಿರುಗಿ ಮೇಜಿನ ಮೇಲೆಯೇ ಇಡುತ್ತಿದ್ದರು.

ಯಾಕೆಂದರೆ ಚೂರಿಯನ್ನು ಕೈಯಿಂದ ಕೈಗೆ ಕೊಡಬಾರದು. ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ದೇವಸ್ಥಾನಕ್ಕೆ ಹೋಗುವವರು, ಇಗರ್ಜಿಗೆ ಹೋಗುವವರು, ಮಸೀದಿಗೆ ಹೋಗುವವರು ಉಳಿದ ವಿಷಯಗಳಲ್ಲಿ ಬೇರೆ ಬೇರೆ ಹೇಳಬಹುದು, ಚೂರಿಯ ವಿಷಯದಲ್ಲಿ ಎಲ್ಲರ ಅಮ್ಮಂದಿರೂ ಹೇಳಿದ್ದು ಒಂದೇ. ಏಳು ವರ್ಷ ಆ ಚೂರಿ ಕಚೇರಿಯಲ್ಲಿ ಓಡಾಡಿತು. ಏಳು ವರ್ಷದಲ್ಲಿ ಒಂದು ಜಗಳವಾಗಲಿಲ್ಲ. ಇದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೂ ಬೇಕಾಗಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಜೇಮ್ಸ್ ಸಾಹೇಬರು ಪ್ರಾದೇಶಿಕ ಅಧಿಕಾರಿಯಾಗಿ ಬಂದರು. ಮೂಲತಃ ಕಾರ್ಕಳದವರು, ಮಣಿಪಾಲದಲ್ಲಿ ಮನೆ ಮಾಡಿದ್ದರು. ಬರುವ ಮೊದಲು ಬೆಂಗಳೂರಿನಲ್ಲಿ ಹದಿನೈದು ದಿನ ‘ಕಚೇರಿ ಉಡುಪು ಮತ್ತು ಶಿಸ್ತು’ ಎಂಬ ತರಬೇತಿ ಮುಗಿಸಿದ್ದರು. ಕೆಟ್ಟ ಮನುಷ್ಯರಲ್ಲ. ಕಲಿತದ್ದನ್ನು ವ್ಯರ್ಥ ಮಾಡಬಾರದು ಎನ್ನುವ ಜಾತಿಯವರು, ಅಷ್ಟೆ. ಬಂದ ಮೂರನೇ ವಾರ ಸುತ್ತೋಲೆ ಸಂಖ್ಯೆ ಮೂವತ್ತೊಂದು ಹೊರಟಿತು:

“ಪುರುಷ ನೌಕರರು ಇಸ್ತ್ರಿ ಹಾಕಿದ ಪ್ಯಾಂಟು ಮತ್ತು ಅದರೊಳಗೆ ಸೇರಿಸಿದ ಅಂಗಿ ಧರಿಸತಕ್ಕದ್ದು. ಪ್ಯಾಂಟಿನ ಕಿಸೆಗಳು ಚಪ್ಪಟೆಯಾಗಿರತಕ್ಕದ್ದು. ಉಬ್ಬಿದ ಕಿಸೆಯು ಸಾರ್ವಜನಿಕರಲ್ಲಿ ತಪ್ಪು ಅಭಿಪ್ರಾಯ ಮೂಡಿಸುವುದಲ್ಲದೆ, ಸರಿಯಾದ ಅಭಿಪ್ರಾಯವನ್ನೂ ಮೂಡಿಸಬಹುದಾಗಿದೆ.”

ಕೊನೆಯ ವಾಕ್ಯ ಹಾಗೆಯೇ ಇರಲಿ ಎಂದು ಸಾಹೇಬರು ಹೇಳಿದರು. ಹಾಗೆಯೇ ಇಟ್ಟೆ.

ಹನ್ನೆರಡನೇ ತಾರೀಕು ಕಿಸೆ ತಪಾಸಣೆ ನಡೆಯಿತು. ಸೇರಿಗಾರರ ನಶ್ಯದ ಡಬ್ಬಿಯನ್ನು ಔಷಧವೆಂದು ಮನ್ನಿಸಲಾಯಿತು. ಅಟೆಂಡರ್ ಪುತ್ತುಬ್ಬನ ಬೀಡಿ ಕಟ್ಟು ಕುಳಿತಾಗ ತಾನಾಗಿ ಚಪ್ಪಟೆಯಾಗುತ್ತದೆ ಎಂದು ಮನ್ನಿಸಲಾಯಿತು. ಲಿಗೋರಿಯವರ ಸರದಿ ಬಂತು.

“ಇದು ಎಂತ ಲಿಗೋರಿ?”

“ಚೂರಿ ಸರ್.”

“ಕಚೇರಿಗೆ ಬರುವವರಿಗೆ ಚೂರಿ ಯಾಕೆ?”

“ಕಟ್ಟು ಕತ್ತರಿಸ್ಲಿಕ್ಕೆ ಸರ್. ಪೆನ್ಸಿಲಿಗೆ. ಮತ್ತೆ ಶನಿವಾರ ನಿಮ್ಮ ಪೇರಳೆ ಹಣ್ಣು ತುಂಡು ಮಾಡಿದ್ದು ಇದರಲ್ಲೇ.”

“ಅದು ಪೇರಳೆಯ ವಿಷಯ. ಇದು ಚೂರಿಯ ವಿಷಯ,” ಎಂದರು ಸಾಹೇಬರು.

ಮಧ್ಯಾಹ್ನದೊಳಗೆ ವ್ಯಾಖ್ಯೆ ಸಿದ್ಧವಾಯಿತು. ‘ಮಡಚಿದಾಗ ಉಪಕರಣ, ಬಿಡಿಸಿದಾಗ ಆಯುಧ, ಕಿಸೆಯಲ್ಲಿದ್ದಾಗ ಉದ್ದೇಶ.’ ಉದ್ದೇಶವನ್ನು ಇಟ್ಟುಕೊಂಡು ಕಚೇರಿಗೆ ಬರಲು ಯಾರಿಗೂ ಅವಕಾಶವಿಲ್ಲ. ಚೂರಿಯನ್ನು ಕಚೇರಿಗೆ ಒಪ್ಪಿಸಿ ರಸೀದಿ ಪಡೆಯತಕ್ಕದ್ದು ಎಂದು ಆದೇಶವಾಯಿತು.

ಬೇರೆ ಸಮಯವಾಗಿದ್ದರೆ ಲಿಗೋರಿಯವರು ಚೂರಿಯನ್ನು ಮನೆಯಲ್ಲೇ ಬಿಟ್ಟು ಬಂದು ವಿಷಯ ಮುಗಿಸುತ್ತಿದ್ದರು. ಆದರೆ ಅದೇ ತಿಂಗಳು ಅವರ ಖಾಯಮಾತಿಯ ಕಡತ ಎದ್ದಿತ್ತು. ಏಳು ವರ್ಷದಿಂದ ಅವರು ಎಂಬತ್ತೊಂಬತ್ತು ದಿನದ ನೌಕರರು. ಎಂಬತ್ತೊಂಬತ್ತು ದಿನ ಕೆಲಸ, ತೊಂಬತ್ತನೇ ದಿನ ಮನೆ, ಮರುದಿನ ಹೊಸದಾಗಿ ನೇಮಕ. ಕಾಪುವಿನಲ್ಲಿ ಗ್ಲ್ಯಾಡಿಸ್ ಎಂಬ ಶಾಲೆ ಟೀಚರ್ ನಾಲ್ಕು ವರ್ಷದಿಂದ ಅವರಿಗಾಗಿ ಕಾಯುತ್ತಿದ್ದರು. ಕಾಯಿಸುತ್ತಿದ್ದವರು ಅವರ ಅಪ್ಪ ಅಲೆಕ್ಸಾಂಡರ್, ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಅವರದು ಒಂದೇ ಮಾತು: “ಖಾಯಂ ಆಗ್ಲಿ, ಮರುದಿನವೇ ಮದುವೆ. ತೊಂಬತ್ತನೇ ದಿನ ಕೆಲಸ ಇಲ್ಲದ ಅಳಿಯ ನನಗೆ ಬೇಡ.”

ಉಡುಪಿ ಕಚೇರಿಗೆ ಮಂಜೂರಾದದ್ದು ಒಂದೇ ಒಂದು ಖಾಯಂ ಹುದ್ದೆ. ಸಾಹೇಬರೇ ಲಿಗೋರಿಯವರ ಹೆಸರನ್ನು ಶಿಫಾರಸು ಮಾಡಿದ್ದರು. ಈಗ ಅದೇ ಕಡತದ ಮೇಲೆ ಕೆಂಪು ಶಾಯಿಯಲ್ಲಿ ಬರೆದರು: ‘ಚೂರಿ ಒಪ್ಪಿಸಿದ ರಸೀದಿ ಲಗತ್ತಿಸಿದ ನಂತರ ಮುಂದಿನ ಕ್ರಮ.’

ಒಪ್ಪಿಸುವ ಕಾರ್ಯಕ್ರಮ ಬುಧವಾರ ನಡೆಯಿತು. ರಿಜಿಸ್ಟರಿನಲ್ಲಿ ಎರಡು ಕಲಂ: ‘ಕೊಟ್ಟವರು’, ‘ಪಡೆದವರು’. ಎದುರು ಎರಡು ಸಹಿ. ಲಿಗೋರಿಯವರು ಚೂರಿ ಹಿಡಿದು ನಿಂತರು. ಪಡೆಯಬೇಕಾದವರು ಸೇರಿಗಾರರು. ಅವರು ಎರಡೂ ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿಕೊಂಡರು.

“ಮೇಜಿನ ಮೇಲೆ ಇಡು ಮಾರಾಯ, ನಾನು ತೆಗೆದುಕೊಳ್ತೇನೆ.”

ಲಿಗೋರಿಯವರು ಎಂದಿನಂತೆ ಮೇಜಿನ ಮೇಲೆ ಇಟ್ಟರು. ಸೇರಿಗಾರರು ಕೈ ಮುಂದೆ ಮಾಡಿದರು.

“ನಿಲ್ಲಿ!” ಎಂದರು ಸಾಹೇಬರು. “ಲಿಗೋರಿ ಯಾರಿಗೆ ಕೊಟ್ಟದ್ದು?”

“ನನಗೆ ಸರ್.”

“ನಿಮ್ಮ ಕೈಗೆ ಕೊಟ್ಟರಾ?”

“ಇಲ್ಲ ಸರ್. ಮೇಜಿಗೆ.”

“ಹಾಗಾದರೆ ಪಡೆದವರು ಯಾರು?”

ಎಲ್ಲರೂ ಮೇಜನ್ನು ನೋಡಿದೆವು. ಅದು ಲಿಗೋರಿಯವರದೇ ಮೇಜು, ಸಂಖ್ಯೆ ಹದಿನಾಲ್ಕು, ಸಾಗುವಾನಿ ಮರದ್ದು. ಸುಳ್ಳು ಬರೆಯಲು ಬರುವುದಿಲ್ಲ. ಕೊಟ್ಟದ್ದು ಮೇಜಿಗೆ, ಪಡೆದದ್ದು ಮೇಜು. ಈಗ ಸೇರಿಗಾರರು ಅದನ್ನು ಎತ್ತಿದರೆ ಮೇಜಿನ ವಶದಲ್ಲಿದ್ದ ವಸ್ತುವನ್ನು ಆದೇಶವಿಲ್ಲದೆ ತೆಗೆದಂತಾಗುತ್ತದೆ. ಅದಕ್ಕೆ ಬೇರೆ ಹೆಸರು ಉಂಟು.

“ಹಾಗಾದರೆ ಮೊದಲಿನಿಂದ ಮಾಡುವ,” ಎಂದರು ಲಿಗೋರಿ. “ಸಾಹೇಬ್ರೇ, ನೀವೇ ಕೈಯಲ್ಲಿ ತೆಗೆದುಕೊಳ್ಳಿ. ನಿಮಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ ಅಲ್ವಾ?”

ಸಾಹೇಬರು ಕೋಟಿನ ಕಿಸೆಗೆ ಕೈ ಹಾಕಿಕೊಂಡರು. “ನಂಬಿಕೆ ಖಂಡಿತ ಇಲ್ಲ. ಆದರೆ ಅಮ್ಮ ಹೇಳ್ತಾ ಇದ್ದರು. ಸುಮ್ಮನೆ ಯಾಕೆ?”

“ನಮ್ಮ ಉಮ್ಮನೂ ಹೇಳ್ತಾರೆ ಸಾರ್,” ಎಂದ ಪುತ್ತುಬ್ಬ ಬಾಗಿಲಿನಿಂದ. “ಸುಮ್ಮನೆ ಯಾಕೆ?”

ಸುಮ್ಮನೆ ಯಾಕೆ ಎಂಬ ವಿಷಯದಲ್ಲಿ ಸಭೆಗೆ ಒಮ್ಮತವಿತ್ತು. ಸಾಹೇಬರು ‘ಪಡೆದವರು’ ಕಲಮಿನಲ್ಲಿ ‘ಮೇಜು ಸಂಖ್ಯೆ 14’ ಎಂದು ಬರೆದರು. ಚೂರಿಯನ್ನು ಯಾರೂ ಮುಟ್ಟದಂತೆ ಅರಗು ಕರಗಿಸಿ ಮೇಜಿಗೆ ಅಂಟಿಸಿ ಮಂಡಳಿಯ ಮುದ್ರೆ ಒತ್ತಲಾಯಿತು. ಸಹಿಯ ಜಾಗ ಖಾಲಿ ಉಳಿಯಿತು. ಸಹಿ ಇಲ್ಲದ ರಸೀದಿಗೆ ಬೆಲೆ ಇಲ್ಲ, ರಸೀದಿ ಇಲ್ಲದೆ ಲಿಗೋರಿಯವರ ಕಡತ ಏಳುವುದಿಲ್ಲ. ಮೇಜು ಈಗ ವಶದ ಕೆಲಸದಲ್ಲಿರುವುದರಿಂದ ಬೇರೆ ಕೆಲಸಕ್ಕೆ ಬಳಸುವಂತಿಲ್ಲ ಎಂದು ಲಿಗೋರಿಯವರನ್ನು ಕಿಟಕಿಯ ದಂಡೆಗೆ ವರ್ಗಾಯಿಸಲಾಯಿತು. ಜೂನ್ ತಿಂಗಳ ಗಾಳಿಮಳೆಗೆ ಅವರ ಬೆನ್ನು ಒದ್ದೆಯಾಗುತ್ತಿತ್ತು. ಮನುಷ್ಯ ಒಂದು ಮಾತು ಆಡಲಿಲ್ಲ. ಖಾಯಂ ಆಗುವವರು ಮಾತಾಡಬಾರದು ಎಂದು ಅವರಿಗೆ ಯಾರೋ ಹೇಳಿದ್ದರು.

ಚೂರಿಯಿಲ್ಲದ ಕಚೇರಿ ಕ್ರಮವಾಗಿ ಹೊಂದಿಕೊಂಡಿತು. ಕಟ್ಟುಗಳನ್ನು ಬಿಚ್ಚಲು ನೌಕರರು ಸ್ವಂತ ಹಲ್ಲುಗಳನ್ನು ಬಳಸಬಹುದೆಂದೂ, ಕಟ್ಟಿಸಿಕೊಂಡ ಹಲ್ಲುಗಳಿಗೆ ಪೂರ್ವಾನುಮತಿ ಬೇಕೆಂದೂ ಸುತ್ತೋಲೆ ಹೊರಟಿತು. ಶಿರ್ವದಿಂದ ಬಂದ ಒಂದು ಕಟ್ಟಿನಲ್ಲಿ ಪುತ್ತುಬ್ಬನ ಮುಂದಿನ ಹಲ್ಲು ಉಳಿದುಕೊಂಡಿತು. ಆ ಮಾದರಿಗೆ ‘ಗಟ್ಟಿ ಉಂಟು’ ಎಂದು ಷರಾ ಬರೆಯಲಾಯಿತು. ಮೊಂಡಾದ ಪೆನ್ಸಿಲುಗಳನ್ನು ಚೂಪು ಮಾಡಿಸಲು ವಾರಕ್ಕೊಮ್ಮೆ ಕಾರ್ಕಳದ ಉಪಕೇಂದ್ರಕ್ಕೆ ಬಸ್ಸಿನಲ್ಲಿ ಕಳುಹಿಸುವ ವ್ಯವಸ್ಥೆಯಾಯಿತು. ಅವರು ಚೂಪು ಮಾಡಿ, ದಾರಿಯಲ್ಲಿ ಮುರಿಯದಂತೆ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ ಹಿಂದಕ್ಕೆ ಕಳುಹಿಸುತ್ತಿದ್ದರು. ಆ ಕಟ್ಟುಗಳು ಈಗಲೂ ಹಾಗೆಯೇ ಇವೆ. ಒಳಗಿನ ಪೆನ್ಸಿಲುಗಳು ಬಹಳ ಚೂಪಾಗಿವೆ ಎಂದು ಕಾರ್ಕಳದ ಪತ್ರ ಹೇಳುತ್ತದೆ.

ವರ್ಷಾಂತ್ಯಕ್ಕೆ ಬಿಚ್ಚದ ಕಟ್ಟುಗಳು ಮಾಡಿನ ಹೆಂಚಿಗೆ ತಾಗಿದವು. ‘ಆರು ತಿಂಗಳಿನಿಂದ ಒಂದು ಹಗ್ಗವನ್ನೂ ತುಂಡು ಮಾಡದ ಏಕೈಕ ಕಚೇರಿ’ ಎಂದು ನಮಗೆ ಬೆಂಗಳೂರಿನಿಂದ ಒಂದು ಶೀಲ್ಡ್ ಬಂತು. ಅದೂ ಹಗ್ಗ ಕಟ್ಟಿಯೇ ಬಂದಿದ್ದರಿಂದ ಯಾರೂ ನೋಡಿಲ್ಲ.

ಇಲ್ಲಿ ಒಂದು ಮಾತು ನನ್ನ ಬಗ್ಗೆ. ಅಷ್ಟೂ ದಿನ ನನ್ನ ಬ್ಯಾಗಿನಲ್ಲಿ ಒಂದು ಚೂರಿ ಇತ್ತು. ಮರದ ಹಿಡಿಯ ಸಣ್ಣ ಚೂರಿ. ಮನೆಗೆ ಹೋಗುವಾಗ ಮಲ್ಲಿಗೆಯ ಚೆಂಡು ಕೊಂಡರೆ ಬಾಳೆನಾರು ಕತ್ತರಿಸಲು, ಬಸಳೆ ಕೊಂಡರೆ ದಂಟು ತುಂಡು ಮಾಡಿ ಬ್ಯಾಗಿಗೆ ತುರುಕಲು. ಸುತ್ತೋಲೆಯಲ್ಲಿ ಇದ್ದದ್ದು ಪ್ಯಾಂಟಿನ ಕಿಸೆ. ನಾನು ಸೀರೆ ಉಡುವವಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳದೆ ಹೇಳುವುದು ಟೈಪಿಸ್ಟಳ ಕೆಲಸವಲ್ಲ ಎಂದು ನಾನೂ ಬಾಯಿ ಬಿಡಲಿಲ್ಲ. ಲಿಗೋರಿಯವರು ಹಲ್ಲು ಕಚ್ಚಿ ಹಗ್ಗ ಎಳೆಯುವುದನ್ನು ನೋಡುವಾಗ ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದಾಗಲೆಲ್ಲ ಬೇಗ ಬೇಗ ಟೈಪ್ ಮಾಡುತ್ತಿದ್ದೆ.

ಒಂದು ಶನಿವಾರ ಗ್ಲ್ಯಾಡಿಸ್ ಶಾಲೆ ಬಿಟ್ಟು ನೇರ ಕಚೇರಿಗೆ ಬಂದರು. ನೀಲಿ ಸೀರೆ, ಕೈಯಲ್ಲಿ ಕೊಡೆ, ಮುಖದಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸಿದ ಬಿಗಿ. ಅರಗಿನಲ್ಲಿ ಅಂಟಿದ ಚೂರಿಯನ್ನು ನೋಡಿದರು. ಕಿಟಕಿಯ ದಂಡೆಯಲ್ಲಿ ಒದ್ದೆಯಾಗಿ ಕುಳಿತ ಲಿಗೋರಿಯವರನ್ನು ನೋಡಿದರು.

“ಅದು ನಿಮ್ಮದೇ ಚೂರಿ ಅಲ್ವಾ? ಕಿತ್ತು ತೆಗೀರಿ.”

“ಹಾಗೆ ಆಗುವುದಿಲ್ಲ ಗ್ಲ್ಯಾಡಿಸ್. ಮೇಜಿನ ವಶದಲ್ಲಿ ಉಂಟು.”

“ಮೇಜಿಗೆ ಎಂತ ಗೊತ್ತಾಗ್ತದೆ?”

“ಮೇಜಿಗೆ ಗೊತ್ತಾಗುವುದಿಲ್ಲ. ಕಡತಕ್ಕೆ ಗೊತ್ತಾಗ್ತದೆ.”

ಅವರು ನನ್ನ ಕಡೆ ತಿರುಗಿದರು. “ಸರಸಕ್ಕ, ನಿಮಗೆ ಇದು ಸರಿ ಕಾಣ್ತದಾ?”

“ಕಡತದಲ್ಲಿ ಸರಿ ಉಂಟು,” ಎಂದೆ. ಬ್ಯಾಗನ್ನು ಕಾಲಿನಿಂದ ಸ್ವಲ್ಪ ಹಿಂದಕ್ಕೆ ತಳ್ಳಿದೆ. ಅವರು ಕೊಡೆ ಬಿಡಿಸಿಕೊಂಡು ಹೋದರು.

ಸಹಿಯ ವಿಷಯದಲ್ಲಿ ಕೇಂದ್ರ ಕಚೇರಿಯೊಂದಿಗೆ ಹದಿನಾಲ್ಕು ತಿಂಗಳು ಪತ್ರವ್ಯವಹಾರ ನಡೆಯಿತು. ಕೊನೆಗೆ ಉತ್ತರ ಬಂತು. ವಸ್ತುವನ್ನು ವಶದಲ್ಲಿಟ್ಟುಕೊಳ್ಳುವ ಅಧಿಕಾರ ನೌಕರರಿಗೆ ಮಾತ್ರ ಇರುವುದರಿಂದ, ಮೇಜು ವಶದಲ್ಲಿಟ್ಟುಕೊಂಡಿರುವುದು ನಿಜವೇ ಆದಲ್ಲಿ ಮೇಜು ನೌಕರನಾಗಿರಲೇಬೇಕು. ಈವರೆಗೆ ನೇಮಕಾತಿ ಆದೇಶ ಹೊರಡಿಸದಿರುವುದು ಉಡುಪಿ ಕಚೇರಿಯ ಲೋಪ. ಸಾಹೇಬರು ಆ ಲೋಪವನ್ನು ಸಂಜೆಯೊಳಗೆ ಸರಿಪಡಿಸಿದರು. ಮೇಜಿಗೂ ಎಂಬತ್ತೊಂಬತ್ತು ದಿನದ ನೇಮಕವಾಯಿತು. ತೊಂಬತ್ತನೇ ದಿನ ಪುತ್ತುಬ್ಬನೂ ಲಿಗೋರಿಯವರೂ ಸೇರಿ ಅದನ್ನು ಹೊತ್ತು ಜಗಲಿಯಲ್ಲಿಟ್ಟು, ಮರುದಿನ ಮತ್ತೆ ಒಳಗೆ ತರುತ್ತಿದ್ದರು.

ಸಹಿ ಬಾರದ ನೌಕರರು ಹೆಬ್ಬೆಟ್ಟು ಒತ್ತಬಹುದೆಂಬ ನಿಯಮ ಮೊದಲೇ ಇತ್ತು. ಮೇಜಿನ ಎಡ ಹಿಂಗಾಲಿಗೆ ಶಾಯಿ ಹಚ್ಚಿ ರಸೀದಿಯ ಮೇಲೆ ಒತ್ತಲಾಯಿತು. ಗುರುತು ಬಹಳ ಸ್ಪಷ್ಟವಾಗಿ ಬಂತು. ಲಿಗೋರಿಯವರು ಆ ರಸೀದಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. “ಸರಸಕ್ಕ, ಇನ್ನು ಎಂತ ತೊಂದರೆ ಇಲ್ಲ ಅಲ್ವಾ?” ಎಂದು ಕೇಳಿದರು. ನನಗೂ ಸಂತೋಷವಾಗಿತ್ತು. ಇಲ್ಲ ಎಂದೆ.

ಕಡತ ಬೆಂಗಳೂರಿಗೆ ಹೋಯಿತು. ಎಂಬತ್ತರ ಮಾರ್ಚಿನಲ್ಲಿ ಆದೇಶ ಬಂತು. ಉಡುಪಿಯಲ್ಲಿ ಈಗ ತಾತ್ಕಾಲಿಕ ನೌಕರರು ಇಬ್ಬರಿರುವುದಾಗಿಯೂ, ಹುದ್ದೆ ಒಂದೇ ಇರುವುದಾಗಿಯೂ, ಆದ್ದರಿಂದ ಹಿರಿತನವನ್ನು ಪರಿಗಣಿಸಲಾಗಿದೆಯೆಂದೂ ಅದರಲ್ಲಿತ್ತು. ಲಿಗೋರಿಯವರು ಕಚೇರಿಗೆ ಬಂದದ್ದು ಎಪ್ಪತ್ತೊಂದರಲ್ಲಿ. ಮೇಜು ಬಂದದ್ದು ಅರವತ್ತೆಂಟರಲ್ಲಿ. ಮೇಜು ಈ ಅವಧಿಯಲ್ಲಿ ಒಂದು ದಿನವೂ ರಜೆ ಹಾಕಿಲ್ಲ, ಯಾರೊಂದಿಗೂ ಎದುರು ಮಾತಾಡಿಲ್ಲ. ಕಿಸೆಗಳಿಲ್ಲದಿರುವುದರಿಂದ ಉಬ್ಬಿನ ಪ್ರಶ್ನೆಯೂ ಉದ್ಭವಿಸುವುದಿಲ್ಲ. ಮೇಜು ಸಂಖ್ಯೆ ಹದಿನಾಲ್ಕನ್ನು ಖಾಯಂಗೊಳಿಸಿ ಆದೇಶಿಸಿದೆ.

ಲಿಗೋರಿಯವರು ಆದೇಶವನ್ನು ಎರಡು ಸಲ ಓದಿದರು. ಆಮೇಲೆ ಎದ್ದು ಹೋಗಿ ಮೇಜಿನ ಎದುರು ನಿಂತರು. ಒದೆಯುತ್ತಾರೋ ಎಂದು ನನಗೆ ಭಯವಾಯಿತು. ನಿಜ ಹೇಳಬೇಕೆಂದರೆ, ಒದೆಯಲಿ ಎಂದು ಆಸೆಯಾಯಿತು.

“ಅಭಿನಂದನೆ,” ಎಂದರು ಲಿಗೋರಿ.

ಸಿಹಿ ಹಂಚಲಾಯಿತು.

ಸಾಹೇಬರಿಗೂ ಬೇಸರವಿತ್ತು. ಅವರು ರಾತ್ರಿಹಗಲು ನಿಯಮಾವಳಿ ಓದಿ ಒಂದು ದಾರಿ ಹುಡುಕಿದರು. ಸ್ವಂತ ಕುಟುಂಬವಿಲ್ಲದ ಖಾಯಂ ನೌಕರರು ತಮ್ಮ ಅವಲಂಬಿತರೆಂದು ಒಬ್ಬರ ಹೆಸರು ಕೊಡಬಹುದು. ನೌಕರರು ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಹುದ್ದೆ ಅವಲಂಬಿತರಿಗೆ ಸಿಗುತ್ತದೆ. ಮೇಜಿಗೆ ಕುಟುಂಬವಿರಲಿಲ್ಲ. ನಮೂನೆಯ ಮೇಲೆ ಎಡ ಹಿಂಗಾಲು ಒತ್ತಲಾಯಿತು. ಲಿಗೋರಿಯವರು ಮೇಜಿನ ಅಧಿಕೃತ ಅವಲಂಬಿತರಾದರು.

ಇದನ್ನು ಕೇಳಿ ಅಲೆಕ್ಸಾಂಡರ್ ಖುದ್ದಾಗಿ ಕಚೇರಿಗೆ ಬಂದರು. ಬಿಳಿ ಪ್ಯಾಂಟು, ತಲೆಯ ಮೇಲೆ ಹ್ಯಾಟು. ಪುತ್ತುಬ್ಬ ಕುರ್ಚಿ ಎಳೆದು ಹಾಕಿ, “ಬನ್ನಿ ಪೊರ್ಬುಗಳೇ, ಕೂತ್ಕೊಳ್ಳಿ” ಎಂದ. ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಕರೆಯುವುದು ಹಾಗೆ. ಅವರು ಕೂರಲಿಲ್ಲ. ಮೇಜಿನ ಸುತ್ತ ಒಂದು ಸುತ್ತು ಬಂದರು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು.

“ಎಂತ ಮರ ಇದು?”

“ಸಾಗುವಾನಿ,” ಎಂದರು ಸೇರಿಗಾರರು.

“ಗೆದ್ದಲು ಗಿದ್ದಲು?”

“ಇಲ್ಲ. ಒಳ್ಳೆ ಆರೋಗ್ಯ ಉಂಟು.”

ಅಲೆಕ್ಸಾಂಡರ್ ಹ್ಯಾಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. “ಖಾಯಂ ಮನುಷ್ಯನಿಗೆ ಮಗಳನ್ನು ಕೊಡ್ತೇನೆ ಅಂತ ಹೇಳಿದ್ದೆ. ಈಗ ಖಾಯಂ ಮನೆತನಕ್ಕೇ ಕೊಟ್ಟ ಹಾಗೆ ಆಯ್ತು. ಹುಡುಗನಿಗೂ ಅಪ್ಪ ಅಮ್ಮ ಇಲ್ಲ, ಅಣ್ಣ ಬಹರೈನಿನಲ್ಲಿ. ಮದುವೆಗೆ ಗಂಡಿನ ಕಡೆಯ ಹಿರಿಯರಾಗಿ ಇವರು ಬರಬೇಕು.”

“ಬರ್ತಾರೆ,” ಎಂದು ಸಾಹೇಬರು ಮಾತು ಕೊಟ್ಟರು.

ಖಾಯಂ ನೌಕರರ ಆರೋಗ್ಯ ಕಚೇರಿಯ ಹೊಣೆ. ಮೇಜಿಗೆ ಗೆದ್ದಲು ಹಿಡಿಯದಂತೆ ಪ್ರತಿ ಶನಿವಾರ ಗೇರೆಣ್ಣೆ ಹಚ್ಚುವ ಕೆಲಸವನ್ನು ಅವಲಂಬಿತರಿಗೆ ವಹಿಸಲಾಯಿತು. ಲಿಗೋರಿಯವರು ಅಂಗಿಯ ತೋಳು ಮಡಚಿ, ಒಂದು ಸಂದು ಬಿಡದೆ ಹಚ್ಚುತ್ತಿದ್ದರು. ನಿಶ್ಚಿತಾರ್ಥದ ಮೇಲೆ ಗ್ಲ್ಯಾಡಿಸ್ ಒಮ್ಮೆ ಬಂದವರು ಅದನ್ನು ನೋಡುತ್ತ ನಿಂತರು.

“ಗೆದ್ದಲು ಬಂದರೆ ನಿಮಗೇ ಒಳ್ಳೆಯದಲ್ವಾ? ಇದು ಹೋದರೆ ಹುದ್ದೆ ನಿಮಗೆ.”

ಲಿಗೋರಿಯವರ ಮುಖ ಸಣ್ಣದಾಯಿತು. “ಹಾಗೆಲ್ಲ ಹೇಳಬಾರದು ಗ್ಲ್ಯಾಡಿಸ್. ಮನೆಯ ಹಿರಿಯರು.”

ಮದುವೆ ಎಂಬತ್ತೊಂದರ ಜನವರಿಯಲ್ಲಿ, ಕಾಪುವಿನಲ್ಲಿ ಇಗರ್ಜಿಯ ಪಕ್ಕದ ಹಾಲಿನಲ್ಲಿ ನಡೆಯಿತು. ಅದು ಲಿಗೋರಿಯವರ ತೊಂಬತ್ತನೇ ದಿನವಾಗಿದ್ದರಿಂದ ರಜೆ ಹಾಕುವ ಅಗತ್ಯ ಬೀಳಲಿಲ್ಲ. ಮೇಜು ಟೆಂಪೋದಲ್ಲಿ ಬಂತು, ಜೊತೆಗೆ ಅದನ್ನು ಹಿಡಿದುಕೊಂಡು ಪುತ್ತುಬ್ಬ, ರಿಜಿಸ್ಟರು ಹಿಡಿದುಕೊಂಡು ಸೇರಿಗಾರರು. ಚೂರಿ ಅರಗಿನ ಮುದ್ರೆಯೊಳಗೆ ಅಲುಗಾಡದೆ ಕುಳಿತಿತ್ತು. ಮೇಜಿಗೆ ಶಂಕರಪುರ ಮಲ್ಲಿಗೆಯ ಹಾರ ಹಾಕಿ ವೇದಿಕೆಯ ನಡುವೆ ಇಟ್ಟರು. ಬಂದವರೆಲ್ಲ ಗಂಡಿನ ಕಡೆಯವರು ಗಂಭೀರ ಎಂದು ಮೆಚ್ಚಿಕೊಂಡರು.

ಕೇಕನ್ನು ಅಲೆಕ್ಸಾಂಡರ್ ತಾವೇ ಮಾಡಿದ್ದರು. ಎರಡು ಅಂತಸ್ತು, ಮೇಲೆ ಹಡಗಿನಲ್ಲಿ ಕಲಿತ ಸಕ್ಕರೆ ಗಾರೆ, ಕಲ್ಲಿನ ಹಾಗೆ. ಅದನ್ನು ಹಿರಿಯರ ಮೇಲೆಯೇ ಇಟ್ಟರು. ಎಲ್ಲರೂ ಸುತ್ತ ನಿಂತರು. ಬ್ಯಾಂಡಿನವರು ಸುಮ್ಮನಾದರು.

“ಚೂರಿ?” ಎಂದರು ಗ್ಲ್ಯಾಡಿಸ್.

“ಮೇಜಿನ ಮೇಲೇ ಉಂಟಲ್ಲ,” ಎಂದರು ಅಲೆಕ್ಸಾಂಡರ್. ಅದನ್ನೇ ನಂಬಿ ಬೇರೆ ಚೂರಿ ತಂದಿರಲಿಲ್ಲ. ಅಡುಗೆಯವರ ಕತ್ತಿಗಳೆಲ್ಲ ಹಂದಿಮಾಂಸದಲ್ಲಿದ್ದವು.

ಲಿಗೋರಿಯವರು ಸಾಹೇಬರ ಕಡೆ ನೋಡಿದರು. ಐದು ನಿಮಿಷದ ಬಳಕೆಗಾಗಿ ಎರಡು ತಿಂಗಳ ಹಿಂದೆಯೇ ಅವರು ಅರ್ಜಿ ಕೊಟ್ಟಿದ್ದರು. ಟೈಪ್ ಮಾಡಿಕೊಟ್ಟದ್ದು ನಾನು.

“ಅರ್ಜಿ ನನ್ನ ಮುಂದೆ ಉಂಟು,” ಎಂದರು ಸಾಹೇಬರು, ನಿಜವಾದ ಸಂಕಟದಿಂದ. “ಮಂಜೂರು ಮಾಡ್ತಿದ್ದೆ ಮಾರಾಯ. ಆದರೆ ಇವತ್ತು ನಿನ್ನ ತೊಂಬತ್ತನೇ ದಿನ. ಇವತ್ತು ನೀನು ನೌಕರ ಅಲ್ಲ. ಹೊರಗಿನವರಿಗೆ ಕಚೇರಿಯ ವಸ್ತು ಕೊಡ್ಲಿಕ್ಕೆ ಬರುವುದಿಲ್ಲ. ನಾಳೆ ಆದರೆ ಕೊಡಬಹುದು.”

“ನಾಳೆ ಮದುವೆ ಇಲ್ಲ ಸರ್,” ಎಂದರು ಲಿಗೋರಿ.

“ಅದೂ ಹೌದು.”

ಇನ್ನೂರು ಜನ ತಲೆಯಾಡಿಸಿದರು. ನಿಯಮ ಎಂದರೆ ನಿಯಮ ಎಂದು ಹಿಂದಿನ ಸಾಲಿನಲ್ಲಿ ಯಾರೋ ಹೇಳಿದರು. ಲಿಗೋರಿಯವರು ತಮ್ಮ ಹೊಸ ಸೂಟಿನ ಬಲಗಿಸೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಚಪ್ಪಟೆಯಾಗಿತ್ತು. ಅವರ ಅಣ್ಣ ಕೊಟ್ಟ ಚೂರಿ ಅವರ ಕೈಗೆ ಒಂದು ಗೇಣು ದೂರದಲ್ಲಿತ್ತು.

ನನಗೆ ತಡೆದುಕೊಳ್ಳಲಾಗಲಿಲ್ಲ. ಎರಡೂವರೆ ವರ್ಷ ತಡೆದುಕೊಂಡವಳು ನಾನು. ಬ್ಯಾಗಿನ ಜಿಪ್ಪು ಎಳೆದೆ. ಮರದ ಹಿಡಿಯ ಚೂರಿಯನ್ನು ಹೊರಗೆ ತೆಗೆದು ಮುಂದೆ ಬಂದೆ.

“ಗ್ಲ್ಯಾಡಿಸ್, ಇದರಲ್ಲಿ ಕತ್ತರಿಸಿ.”

ಗ್ಲ್ಯಾಡಿಸ್ ನನ್ನ ಮುಖ ನೋಡಿದರು. ಅಷ್ಟು ವರ್ಷ ಅದು ನನ್ನ ಬ್ಯಾಗಿನಲ್ಲೇ ಇತ್ತೆಂದು ಅವರಿಗೆ ಆ ಕ್ಷಣವೇ ಅರ್ಥವಾಯಿತು. ಆದರೂ ಬಿಳಿ ಗ್ಲೌಸ್ ಹಾಕಿದ ಕೈಯನ್ನು ನನ್ನ ಕಡೆ ಚಾಚಿದರು. ಅಂಗೈ ಮೇಲೆ ಮಾಡಿ.

ನಾನು ಚೂರಿಯನ್ನು ಮೇಜಿನ ಮೇಲೆ ಇಟ್ಟೆ.

ಬೇಕೆಂದು ಇಟ್ಟದ್ದಲ್ಲ. ಮೂವತ್ತೆಂಟು ವರ್ಷದ ಕೈ ತಾನಾಗಿ ಇಟ್ಟಿತು. ಇಟ್ಟ ಸದ್ದಿಗೆ ನನಗೇ ಎಚ್ಚರವಾಯಿತು. ತಿರುಗಿ ಎತ್ತಲು ಹೋದೆ.

“ನಿಲ್ಲಿ ಸರಸ ಅವರೇ,” ಎಂದರು ಸಾಹೇಬರು ಮೆಲ್ಲಗೆ.

ಸೇರಿಗಾರರು ರಿಜಿಸ್ಟರು ಬಿಡಿಸಿ, ಕ್ರಮಸಂಖ್ಯೆ ಎರಡು ಎಂದು ಬರೆದುಕೊಂಡರು. ಕೊಟ್ಟವರು ಸರಸ. ಪಡೆದವರು ಮೇಜು ಸಂಖ್ಯೆ ಹದಿನಾಲ್ಕು. ಜನ ಚಪ್ಪಾಳೆ ತಟ್ಟಿದರು. ಬ್ಯಾಂಡು ಮತ್ತೆ ಶುರುವಾಯಿತು. ಅಲೆಕ್ಸಾಂಡರ್ ಮುಷ್ಟಿಯಿಂದ ಎರಡು ಗುದ್ದಿ ಕೇಕನ್ನು ಒಡೆದರು. ಎಲ್ಲರೂ ಚೂರು ಆರಿಸಿಕೊಂಡು ತಿಂದು, ರುಚಿ ಭಾರಿ ಒಳ್ಳೆಯದುಂಟು, ಕೇಕಿಗೆ ಚೂರಿ ಯಾಕೆ ಬೇಕು ಅಲ್ವಾ, ಎಂದರು. ಲಿಗೋರಿಯವರು ಒಂದು ತುಂಡನ್ನು ಮೇಜಿನ ಮೂಲೆಯಲ್ಲಿ ಇಟ್ಟರು, ಹಿರಿಯರಿಗೆ.

ಗ್ಲ್ಯಾಡಿಸ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಗ್ಲೌಸ್ ಬಿಚ್ಚಿ, ಗಂಡನಿಗೆ ಕೇಕು ತಿನ್ನಿಸಿದರು. ನನ್ನ ಕಡೆ ಮತ್ತೆ ನೋಡಲಿಲ್ಲ. ಆ ಕೈಯಲ್ಲಿ ಇಡಬಹುದಿತ್ತು. ಜಗಳ ಆಗುತ್ತಿತ್ತೋ ಏನೋ. ಆಗಬೇಕಿತ್ತು. ಏಳು ವರ್ಷವಲ್ಲ, ಅಷ್ಟೂ ವರ್ಷ ಆ ಕಚೇರಿಯಲ್ಲಿ ಒಂದಾದರೂ ಜಗಳ ಆಗಬೇಕಿತ್ತು.

ಸೋಮವಾರ ಎರಡನೇ ಚೂರಿಗೂ ಅರಗು ಹಾಕಿ ಮುದ್ರೆ ಒತ್ತಿದರು. ಎಡ ಹಿಂಗಾಲಿನ ಗುರುತು ಹಾಕಿಸಿ ನನಗೆ ರಸೀದಿ ಕೊಟ್ಟರು. ಟೈಪ್ ಮಾಡಿದವಳು ನಾನೇ. ಒಂದು ತಪ್ಪೂ ಇರಲಿಲ್ಲ.